ಮಾತು ತಡವಾಗುವ ಮಕ್ಕಳು: ವಾಕ್‌–ಭಾಷಾ ಬೆಳವಣಿಗೆಗೆ ನೆರವು

ಮಗುವಿಗೆ ವಯಸ್ಸಿಗೆ ತಕ್ಕ ಮಾತು ಬಾರದಿದ್ದಾಗ, ಬಂದ ಮಾತು ಕೇಳುವವರಿಗೆ ತಿಳಿಯದಿದ್ದಾಗ, ಬೇರೆಯವರು ಆಡಿದ್ದು ಮಗುವಿಗೆ ಅರ್ಥವಾಗದಿದ್ದಾಗ ಮನೆಯವರು, ಶಿಕ್ಷಕರು ಮತ್ತು ವಾಕ್‌ ಚಿಕಿತ್ಸಕರು ಸೇರಿ ಕೊಡುವ ನೆರವು ಈ ಲೇಖನದ ವಿಷಯ. ಇದರಲ್ಲಿ ಮೂರು ಸಂಗತಿಗಳು ಹೆಣೆದುಕೊಂಡಿವೆ. ನಾಲಿಗೆ, ತುಟಿ, ಅಂಗುಳ, ಗಂಟಲುಗಳಿಂದ ಧ್ವನಿಗಳನ್ನು ಹೊರಡಿಸುವುದು ವಾಕ್‌. ಪದಗಳ ಅರ್ಥ, ಅವುಗಳ ಜೋಡಣೆ, ಪ್ರತ್ಯಯಗಳ ಬಳಕೆ ಇವೆಲ್ಲ ಭಾಷೆ. ಇನ್ನೊಬ್ಬರ ಗಮನ ಸೆಳೆದು ಬೇಕಾದುದನ್ನು ತಿಳಿಸುವುದು, ಕಂಡದ್ದನ್ನು ಹಂಚಿಕೊಳ್ಳುವುದು ಸಂವಹನ. ಮಿದುಳು ವಾತದ ಮಗುವೊಂದು ಎಲ್ಲವನ್ನೂ ಅರ್ಥಮಾಡಿಕೊಂಡೂ ಬಾಯಿಯ ಸ್ನಾಯುಗಳು ಹಿಡಿತಕ್ಕೆ ಬಾರದೆ ಒಂದು ಮಾತನ್ನೂ ಆಡಲಾಗದೆ ಇರಬಹುದು. ಆಟಿಸಂ ಇರುವ ಮತ್ತೊಂದು ಮಗು ಜಾಹೀರಾತುಗಳನ್ನು ಸ್ಪಷ್ಟವಾಗಿ ಒಪ್ಪಿಸುತ್ತಲೇ ನೀರು ಬೇಕೆಂದು ಕೇಳಲಾರದೆ ಹೋಗಬಹುದು. ಇಬ್ಬರನ್ನೂ ‘ಮಾತು ಬಾರದ ಮಗು’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ನೆರವು ಇಬ್ಬರಿಗೂ ತಪ್ಪಿಹೋಗುತ್ತದೆ.

ಬೆಳವಣಿಗೆಯ ಹಾದಿ

ತಾಯಿಯ ದನಿಯ ಪರಿಚಯ ಗರ್ಭದಲ್ಲೇ ಆಗಿರುತ್ತದೆ. ಹುಟ್ಟಿದ ಎರಡು ಮೂರು ತಿಂಗಳಿಗೆ ಕೂಸು ಸ್ವರಗಳಲ್ಲಿ ಗುನುಗುತ್ತದೆ. ಆರರಿಂದ ಹತ್ತು ತಿಂಗಳ ನಡುವೆ ‘ಬಬಬ’, ‘ತತತ’ ಎಂದು ತೊದಲುತ್ತದೆ. ಒಂದು ವರ್ಷದ ಹೊತ್ತಿಗೆ ಬೆರಳು ತೋರಿಸುವುದು ಕಲಿತು, ಮೊದಲ ಪದಗಳನ್ನು ಆಡುತ್ತದೆ. ಎರಡು ವರ್ಷಕ್ಕೆ ಐವತ್ತರಷ್ಟು ಪದಗಳಿದ್ದು, ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡೆರಡು ಕೂಡಿಸುವುದು ಸಾಮಾನ್ಯ. ಮೂರು ವರ್ಷದ ಮಗುವಿನ ಮಾತು ಹೊರಗಿನವರಿಗೂ ಬಹುಪಾಲು ತಿಳಿಯುತ್ತದೆ.

ಕನ್ನಡ ಕಲಿಯುವ ಮಗುವಿಗೆ ಕೆಲವು ವಿಶೇಷ ಕೆಲಸಗಳಿವೆ. ‘ನಂಗೆ’, ‘ಮನೇಲಿ’, ‘ಅಪ್ಪನ್ದು’ ಎಂದು ನಾಮಪದಕ್ಕೆ ಪ್ರತ್ಯಯ ಹತ್ತಿಸಬೇಕು. ‘ಬಂದ’, ‘ಬಂದ್ಳು’, ‘ಬಂತು’ ಎಂದು ಕ್ರಿಯಾಪದವನ್ನು ಕರ್ತೃವಿಗೆ ಹೊಂದಿಸಬೇಕು. ಧ್ವನಿಗಳಲ್ಲಿ ಪ, ಬ, ಮ, ತ, ನ, ಕ ಮೊದಲು ಬರುತ್ತವೆ. ರ, ಶ ಮತ್ತು ಒತ್ತಕ್ಷರದ ಕೂಟಗಳು ತಡವಾಗಿ ಬರುತ್ತವೆ. ಹಾಗಾಗಿ ಮೂರು ವರ್ಷದ ಮಗು ‘ಸಕ್ಕರೆ’ಯನ್ನು ‘ತಕ್ಕಲೆ’ ಎಂದರೂ ‘ಪುಸ್ತಕ’ವನ್ನು ‘ಪುತ್ತಕ’ ಎಂದರೂ ಗಾಬರಿಪಡಬೇಕಾಗಿಲ್ಲ. ಆರು ತುಂಬಿದ ಮೇಲೂ ಹಾಗೆಯೇ ಉಳಿದರೆ ತೋರಿಸಬೇಕು.

ಎಷ್ಟು ಪದ ಬಂದಿವೆ ಎಂಬ ಲೆಕ್ಕಕ್ಕಿಂತ ಮೊದಲು ನೋಡಬೇಕಾದವು ಬೇರೆ. ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ? ಹಾರುವ ಕಾಗೆಯನ್ನು ಬೆರಳಿಂದ ತೋರಿಸಿ, ನೀವು ನೋಡಿದಿರಾ ಎಂದು ನಿಮ್ಮ ಮುಖವನ್ನೂ ನೋಡುತ್ತದೆಯೇ? ಹೀಗೆ ಒಂದೇ ವಸ್ತುವಿನ ಮೇಲೆ ಇಬ್ಬರ ಗಮನ ಕೂಡುವ ಹೊತ್ತಿನಲ್ಲಿ ಮಗು ಪದಗಳಿಗೆ ಅರ್ಥ ಹಚ್ಚುತ್ತದೆ. ಒಂದು ವರ್ಷ ದಾಟಿದ ಮೇಲೂ ಬೆರಳು ತೋರಿಸದ ಮಗು, ಒಂದೂವರೆ ವರ್ಷಕ್ಕೂ ಪದವಿಲ್ಲದ ಮಗು, ಎರಡು ವರ್ಷಕ್ಕೂ ಎರಡು ಪದ ಕೂಡಿಸದ ಮಗು, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತನ್ನು ಕಳೆದುಕೊಂಡ ಮಗು: ಇವರನ್ನು ತಡಮಾಡದೆ ಪರೀಕ್ಷೆಗೆ ಕರೆದೊಯ್ಯಬೇಕು.

ಕಾಯುವ ಸಲಹೆ

ಕರ್ನಾಟಕದ ಮನೆಗಳಲ್ಲಿ ಕೂಸಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿ ಹಳೆಯದು. ನಾಲಿಗೆ ಚುರುಕಾಗುತ್ತದೆಂಬ ಪ್ರೀತಿಯ ನಂಬಿಕೆ ಅದರ ಹಿಂದಿದೆ. ಬಜೆಯಿಂದಲೋ ಹರಕೆಯಿಂದಲೋ ಮಾತು ಬರುತ್ತದೆಂದು ನೆಚ್ಚಿ ಕೂತರೆ ಮಗುವಿನ ಅತ್ಯಂತ ಫಲವತ್ತಾದ ಎರಡು ಮೂರು ವರ್ಷ ಕೈಜಾರುತ್ತದೆ. ನಾಲಿಗೆಯಡಿಯ ಪಟ್ಟಿ ಬಿಗಿಯಾಗಿದೆಯೆಂದು ಅದನ್ನು ಕತ್ತರಿಸಲು ಓಡುವವರೂ ಇದ್ದಾರೆ. ಆ ಬಿಗಿತದಿಂದ ಎದೆಹಾಲು ಕುಡಿಯಲು, ಕೆಲವು ಧ್ವನಿಗಳನ್ನು ಹೊರಡಿಸಲು ತೊಂದರೆಯಾಗಬಹುದು. ಪದಗಳೇ ಬಾರದಿರುವುದಕ್ಕೆ ಅದು ಕಾರಣವಾಗುವುದಿಲ್ಲ.

‘ಗಂಡುಮಕ್ಕಳಿಗೆ ಮಾತು ತಡ’, ‘ಇವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು’ ಎಂಬ ಸಮಾಧಾನಗಳನ್ನು ಹಿರಿಯರು ಮಾತ್ರವಲ್ಲ, ವೈದ್ಯರೂ ಹೇಳುವುದುಂಟು. ಎರಡನೆಯ ವರ್ಷದಲ್ಲಿ ಹಿಂದುಳಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಮುಂದೆ ಸರಿಹೋಗುವುದು ನಿಜ. ಆದರೆ ಯಾವ ಮಗು ತಾನಾಗಿ ಸರಿಹೋದೀತು, ಯಾವುದು ಹೋಗದು ಎಂದು ಆ ವಯಸ್ಸಿನಲ್ಲಿ ಖಚಿತವಾಗಿ ಹೇಳುವ ವಿಧಾನವಿಲ್ಲ. ಮನೆತನದಲ್ಲಿ ಮಾತು ತಡವಾದವರಿದ್ದರೆ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಪ್ಪನ ಉದಾಹರಣೆ ಪರೀಕ್ಷೆ ಮಾಡಿಸಲು ಕಾರಣವಾಗಬೇಕಿತ್ತು, ಮುಂದೂಡಲು ಕಾರಣವಾಗುತ್ತಿದೆ. ಬೇಗ ಶುರುಮಾಡಿದ ನೆರವು ಬೇಕಿರಲಿಲ್ಲವೆಂದು ಆಮೇಲೆ ಗೊತ್ತಾದರೂ ಮಗುವಿಗೆ ಹಾನಿಯಿಲ್ಲ. ಕಾಯ್ದು ಕಳೆದ ಕಾಲಕ್ಕೆ ಪರಿಹಾರವಿಲ್ಲ.

ಮೊದಲು ಕಿವಿ

ಮಾತು ತಡವಾದ ಯಾವುದೇ ಮಗುವಿನ ವಿಷಯದಲ್ಲಿ ಮೊದಲ ಪರೀಕ್ಷೆ ಶ್ರವಣದ್ದೇ ಆಗಬೇಕು. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಗುನುಗುತ್ತದೆ. ಹಾಗಾಗಿ ಮನೆಯವರಿಗೆ ಸಂಶಯ ಬರುವುದಿಲ್ಲ. ತಟ್ಟೆ ಬಡಿದು ನೋಡುವ ಪರೀಕ್ಷೆ ನಂಬಲಾಗದು, ಏಕೆಂದರೆ ಮಗು ಕೈಯ ನೆರಳಿಗೋ ನೆಲದ ಕಂಪನಕ್ಕೋ ತಿರುಗಿರಬಹುದು. ಒಳಗಿವಿ ತಾನೇ ಹೊರಡಿಸುವ ಸಣ್ಣ ಸದ್ದನ್ನು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ಪ್ರಕಟಪಡಿಸಿದರು. ಅದನ್ನು ಆಧರಿಸಿದ ಓಎಇ ಪರೀಕ್ಷೆಯಿಂದ ಹುಟ್ಟಿದ ಒಂದೆರಡು ದಿನದಲ್ಲೇ, ಮಲಗಿರುವ ಕೂಸಿನ ಕಿವಿಯನ್ನು ಕೆಲವೇ ನಿಮಿಷಗಳಲ್ಲಿ ತಪಾಸಣೆ ಮಾಡಬಹುದು. ಅದರಲ್ಲಿ ಸಂಶಯ ಬಂದರೆ ‘ಬೇರಾ’ ಪರೀಕ್ಷೆಯಲ್ಲಿ ಶ್ರವಣನರ ಮತ್ತು ಮಿದುಳುಕಾಂಡದ ಪ್ರತಿಕ್ರಿಯೆ ಅಳೆಯುತ್ತಾರೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ಜಗತ್ತಿನಾದ್ಯಂತ ಒಪ್ಪಿಕೊಂಡ ಗುರಿ. ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವು ಆರು ತಿಂಗಳೊಳಗೆ ಶ್ರವಣದೋಷ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರದಕ್ಕಿಂತ ಸ್ಪಷ್ಟವಾಗಿ ಮುಂದಿರುವುದನ್ನು ತೋರಿಸಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ 3.4 ಕೋಟಿ ಮಕ್ಕಳಿಗೆ ಶ್ರವಣದೋಷವಿದೆ, ಅದರಲ್ಲಿ ಶೇ. 60ರಷ್ಟು ತಡೆಯಬಹುದಾದ ಕಾರಣಗಳಿಂದ ಬಂದದ್ದು. ದಕ್ಷಿಣ ಭಾರತದಲ್ಲಿ ಸೋದರಮಾವ–ಸೊಸೆ ಮತ್ತು ಸೋದರ ಸಂಬಂಧಿಗಳ ಮದುವೆ ಹುಟ್ಟುಕಿವುಡನ್ನು ಹೆಚ್ಚಿಸುವ ಒಂದು ಕಾರಣ. ಪದೇಪದೇ ಕಿವಿ ಸೋರುವ ಮಗು ಒಂದು ವಾರ ಕೇಳಿಸಿಕೊಂಡು ಇನ್ನೊಂದು ವಾರ ಕೇಳಿಸಿಕೊಳ್ಳದೆ, ‘ಹಟಮಾರಿ’ ಎನ್ನಿಸಿಕೊಂಡು ಬೆಳೆಯುವುದೂ ಇದೆ.

ಇತರ ಕಾರಣಗಳು

ಸೀಳಂಗುಳದ ಮಗುವಿನ ಮಾತು ಮೂಗಿನಿಂದ ಬರುತ್ತದೆ, ಶಸ್ತ್ರಚಿಕಿತ್ಸೆಯ ನಂತರವೂ ಉಚ್ಚಾರದ ತರಬೇತಿ ಬೇಕಾಗಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳು ಆಡುವುದಕ್ಕಿಂತ ಹೆಚ್ಚು ಗ್ರಹಿಸುತ್ತಾರೆ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ ಮತ್ತು ಹೆಚ್ಚಿನವರಲ್ಲಿ ಮರೆಯಾಗುತ್ತದೆ. ‘ನಿಧಾನವಾಗಿ ಹೇಳು, ಉಸಿರು ತಗೊಂಡು ಹೇಳು’ ಎಂದು ತಿದ್ದುವ ಬದಲು ಮಗು ಏನು ಹೇಳುತ್ತಿದೆ ಎಂಬುದಕ್ಕೆ ಕಿವಿಗೊಡುವುದು ಸರಿಯಾದ ದಾರಿ. ಉಳಿದುಕೊಂಡ ಉಗ್ಗಿಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪುಗೊಂಡ ಲಿಡ್‌ಕೂಂಬ್ ಪದ್ಧತಿಯಲ್ಲಿ ತಂದೆತಾಯಿಯೇ ದಿನವೂ ಅಭ್ಯಾಸ ಮಾಡಿಸುತ್ತಾರೆ.

ಕಿವಿ, ಬುದ್ಧಿ, ನರವ್ಯೂಹ ಎಲ್ಲ ಸರಿಯಿದ್ದೂ ಭಾಷೆ ಮಾತ್ರ ಕೈಗೂಡದ ಸ್ಥಿತಿಯೂ ಇದೆ. ಆಕ್ಸ್‌ಫರ್ಡಿನ ಡೊರೊಥಿ ಬಿಷಪ್ ಮುಂದಾಳತ್ವದಲ್ಲಿ 2016–17ರಲ್ಲಿ ತಜ್ಞರು ಚರ್ಚಿಸಿ ಇದನ್ನು ಬೆಳವಣಿಗೆಯ ಭಾಷಾ ತೊಡಕು ಎಂದು ಕರೆಯಲು ಒಪ್ಪಿದರು. ಇಂಗ್ಲಿಷ್ ಭಾಷಿಕ ದೇಶಗಳ ಅಧ್ಯಯನಗಳ ಪ್ರಕಾರ ಶಾಲೆ ಸೇರುವ ಮಕ್ಕಳಲ್ಲಿ ಶೇ. 7ರಷ್ಟು ಮಂದಿಗೆ ಇದು ಇರುತ್ತದೆ. ಆಟಿಸಂಗಿಂತ ಇದು ಎಷ್ಟೋ ಹೆಚ್ಚು ಸಾಮಾನ್ಯ. ಆದರೂ ನಮ್ಮಲ್ಲಿ ಹೆಸರೇ ಕೇಳಿಬರುವುದಿಲ್ಲ. ಇಂಥ ಮಗು ತರಗತಿಯಲ್ಲಿ ‘ದಡ್ಡ’ ಅಥವಾ ‘ಸೋಮಾರಿ’ ಆಗಿಬಿಡುತ್ತದೆ.

ಆಟಿಸಂ ಇರುವ ಮಕ್ಕಳು ಕೇಳಿದ್ದನ್ನೇ ಮರುನುಡಿಯುವುದನ್ನು ಲಿಯೊ ಕ್ಯಾನರ್ 1943ರ ತಮ್ಮ ಮೊದಲ ವರದಿಯಲ್ಲೇ ಗುರುತಿಸಿದ್ದರು. ಬಹುಕಾಲ ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ನಿಲ್ಲಿಸಲು ನೋಡುತ್ತಿದ್ದರು. 1980ರ ದಶಕದಲ್ಲಿ ಬ್ಯಾರಿ ಪ್ರಿಜಾಂಟ್ ಮೊದಲಾದವರು ಈ ಮರುನುಡಿಗೂ ಉದ್ದೇಶವಿರುತ್ತದೆ ಎಂದು ತೋರಿಸಿದರು. ‘ನಿಂಗೆ ನೀರು ಬೇಕಾ?’ ಎಂದು ಮಗುವೇ ಕೇಳಿದರೆ ಅದಕ್ಕೆ ಬಾಯಾರಿದೆ ಎಂದು ಅರ್ಥ. ನೀರು ಕೊಡುತ್ತಾ ‘ನಂಗೆ ನೀರು ಬೇಕು’ ಎಂದು ಅದರ ಪರವಾಗಿ ಆಡಿದರೆ ಮುಂದಿನ ಹೆಜ್ಜೆ ಸಿಗುತ್ತದೆ.

ಮನೆಯೆಂಬ ಚಿಕಿತ್ಸಾಲಯ

ವಾರಕ್ಕೆ ಎರಡು ಬಾರಿ ಮುಕ್ಕಾಲು ಗಂಟೆ ಸ್ಪೀಚ್ ಥೆರಪಿಗೆ ಹೋಗುವ ಮಗು ಉಳಿದ ಎಚ್ಚರದ ಹೊತ್ತನ್ನೆಲ್ಲ ಮನೆಯವರ ನಡುವೆ ಕಳೆಯುತ್ತದೆ. ಭಾಷೆ ಬೆಳೆಯುವುದು ಬಹುಪಾಲು ಅಲ್ಲೇ. ಕೆನಡಾದಲ್ಲಿ ಅಯಾಲಾ ಹನೆನ್ ಮ್ಯಾನೊಲ್ಸನ್ 1975ರಲ್ಲಿ ಆರಂಭಿಸಿದ ಹನೆನ್ ಪದ್ಧತಿ ಈ ತಿಳಿವಳಿಕೆಯ ಮೇಲೆ ನಿಂತಿದೆ: ಚಿಕಿತ್ಸಕರು ಕಲಿಸಬೇಕಾದದ್ದು ತಂದೆತಾಯಿಗೆ. ಮೇಗನ್ ರಾಬರ್ಟ್ಸ್ ಮತ್ತು ಆನ್ ಕೈಸರ್ 2011ರಲ್ಲಿ 18 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ತರಬೇತಿ ಪಡೆದ ಪೋಷಕರಿಂದ ಮಕ್ಕಳ ಗ್ರಹಿಕೆ ಮತ್ತು ಮಾತು ಎರಡೂ ಸುಧಾರಿಸುತ್ತವೆ ಎಂದು ಕಂಡುಕೊಂಡರು.

ಮಾಡಬೇಕಾದ ಕೆಲಸಗಳು ನೋಡಲು ಸರಳ, ರೂಢಿಸಿಕೊಳ್ಳಲು ಕಷ್ಟ. ಮಗುವಿನ ಮುಖದ ಎತ್ತರಕ್ಕೆ ಕೂರುವುದು ಮೊದಲನೆಯದು. ಅದು ಚಮಚ ಬಡಿಯುತ್ತಿದ್ದರೆ ಚಿತ್ರಪುಸ್ತಕ ಹಿಡಿದು ಅದರ ಗಮನ ಎಳೆಯದೆ ಚಮಚದ ಬಗ್ಗೆಯೇ ಮಾತಾಡುವುದು ಎರಡನೆಯದು. ಬೇಳೆ ತೊಳೆಯುವಾಗ ‘ನೀರು ಹಾಕ್ದೆ. ತೊಳೀತಿದೀನಿ. ನೀರು ಚೆಲ್ಲಿದೆ’ ಎಂದು ಚಿಕ್ಕ ವಾಕ್ಯಗಳಲ್ಲಿ ಹೇಳುತ್ತಾ ಹೋಗಬೇಕು. ಮಗು ‘ನಾಯಿ’ ಎಂದರೆ ‘ಹೌದು, ನಾಯಿ ಬಂತು, ದೊಡ್ಡ ನಾಯಿ’ ಎಂದು ಒಂದೆರಡು ಪದ ಕೂಡಿಸಬೇಕು. ‘ಅಕ್ಕ ಬಂದ’ ಎಂದರೆ ‘ತಪ್ಪು, ಸರಿಯಾಗಿ ಹೇಳು’ ಎನ್ನದೆ ‘ಹೌದು, ಅಕ್ಕ ಬಂದ್ಳು’ ಎನ್ನಬೇಕು. ತಿದ್ದುಪಡಿ ಮಾತಿನೊಳಗೇ ಆಗುತ್ತದೆ, ಮಾತು ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಸುಮ್ಮನಿರುವುದು. ಪ್ರೀತಿಯ ತಾಯಿ, ಅಜ್ಜಿ ಮಗು ಬಾಯಿ ತೆರೆಯುವ ಮುಂಚೆಯೇ ಬೇಕಾದುದನ್ನು ಕೈಗಿಟ್ಟುಬಿಡುತ್ತಾರೆ. ಮಗುವಿಗೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಬಿಸ್ಕತ್ತಿನ ಡಬ್ಬಿ ಕಣ್ಣಿಗೆ ಕಾಣುವಂತೆ, ಕೈಗೆ ಎಟುಕದಂತೆ ಇಟ್ಟು, ‘ಬಾಳೆಹಣ್ಣಾ, ಬಿಸ್ಕತ್ತಾ?’ ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಆಸೆಯಿಂದ ಮುಖ ನೋಡಬೇಕು. ಕೈ ಚಾಚಿದರೂ, ದೃಷ್ಟಿ ಹೊರಳಿಸಿದರೂ, ಅರ್ಧ ಪದ ಬಂದರೂ ಅದು ಉತ್ತರವೇ. ಕೊಡಬೇಕು. ಪೂರ್ತಿ ಪದ ಹೇಳುವತನಕ ಕೊಡುವುದಿಲ್ಲ ಎಂದು ಸತಾಯಿಸುವುದರಿಂದ ಮಾತಿನ ಮೇಲೆ ಜುಗುಪ್ಸೆ ಹುಟ್ಟುತ್ತದೆ. ನೆಂಟರೆದುರು ‘ಹೇಳು ಪುಟ್ಟಾ, ಇದೇನು? ಅದೇನು?’ ಎಂದು ಪರೀಕ್ಷೆಗೆ ಒಡ್ಡುವುದೂ ಅಷ್ಟೇ.

ದಿನವೂ ಒಂದೇ ಕ್ರಮದಲ್ಲಿ ನಡೆಯುವ ಕೆಲಸಗಳಿಗೆ ವಿಶೇಷ ಶಕ್ತಿಯಿದೆ. ಎಣ್ಣೆ ಹಚ್ಚುವುದು, ನೀರೆರೆಯುವುದು, ಚಂದಮಾಮನನ್ನು ತೋರಿಸಿ ಉಣಿಸುವುದು, ತಟ್ಟಿ ಮಲಗಿಸುವುದು ಇವುಗಳಲ್ಲಿ ಅದೇ ಮಾತು, ಅದೇ ರಾಗ ಮರಳಿ ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ತಾಯಿ–ಮಕ್ಕಳ ಆಟಗಳನ್ನು ಅಭ್ಯಸಿಸಿ, ಮುಂದೇನು ಬರುತ್ತದೆಂದು ಮಗುವಿಗೆ ಗೊತ್ತಿರುವ ಇಂಥ ಚೌಕಟ್ಟಿನಲ್ಲೇ ಅದು ತನ್ನ ಸರದಿ ಹಿಡಿಯಲು ಕಲಿಯುತ್ತದೆ ಎಂದರು. ಗೊತ್ತಿರುವ ಶಿಶುಗೀತೆಯ ಕೊನೆಯ ಪದ ಬಿಟ್ಟು ಕಾದರೆ ಎಷ್ಟೋ ಮಕ್ಕಳು ಮೊದಲ ಪದವನ್ನು ಅಲ್ಲಿಯೇ ತುಂಬುತ್ತಾರೆ. ಮೊಬೈಲಿನ ಶಿಶುಗೀತೆ ಮಗುವಿಗಾಗಿ ಕಾಯುವುದಿಲ್ಲ. ಎರಡು ವರ್ಷ ತುಂಬದ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದು, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ಬಲೂನು ಊದಿಸುವುದು, ಸ್ಟ್ರಾದಲ್ಲಿ ಹೀರಿಸುವುದು, ಮೇಣದಬತ್ತಿ ಆರಿಸುವುದು ಇವನ್ನು ಮಾತಿನ ವ್ಯಾಯಾಮವೆಂದು ಇಂದಿಗೂ ಹಲವೆಡೆ ಮಾಡಿಸುತ್ತಾರೆ. ಇವುಗಳಿಂದ ಮಾತು ಸುಧಾರಿಸುತ್ತದೆ ಎಂಬುದಕ್ಕೆ ನಂಬಲರ್ಹ ಪುರಾವೆ ಸಿಕ್ಕಿಲ್ಲ. ಧ್ವನಿ ಕಲಿಯಲು ಆ ಧ್ವನಿಯನ್ನೇ ಪದದಲ್ಲಿ, ವಾಕ್ಯದಲ್ಲಿ ಆಡಬೇಕು.

ಯಾವ ಭಾಷೆಯಲ್ಲಿ?

‘ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿ’ ಎಂಬ ಸಲಹೆ ಬೆಂಗಳೂರಿನ ಶಾಲೆಗಳಿಂದ ಹಿಡಿದು ಹೊರದೇಶದ ಕನ್ನಡ ಕುಟುಂಬಗಳವರೆಗೆ ಕೇಳಿಬರುತ್ತದೆ. ಈ ಕ್ಷೇತ್ರದಲ್ಲಿ ಇಷ್ಟು ಹಾನಿ ಮಾಡಿದ ಸಲಹೆ ಇನ್ನೊಂದಿರಲಾರದು. ಕೆನಡಾದ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು 2003ರಲ್ಲಿ ಫ್ರೆಂಚ್–ಇಂಗ್ಲಿಷ್ ಎರಡನ್ನೂ ಕಲಿಯುತ್ತಿದ್ದ, ಭಾಷಾ ತೊಡಕಿರುವ ಮಕ್ಕಳನ್ನು ಒಂದೇ ಭಾಷೆಯ ಅಂಥದೇ ಮಕ್ಕಳೊಂದಿಗೆ ಹೋಲಿಸಿದರು. ಎರಡು ಭಾಷೆಯಿಂದ ತೊಡಕು ಹೆಚ್ಚಿದ್ದು ಕಾಣಲಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಇಂಥದೇ ಫಲಿತಾಂಶ ಬಂದಿದೆ. ತುಳು, ಕೊಂಕಣಿ, ಕೊಡವ, ಉರ್ದು, ತೆಲುಗು, ಮರಾಠಿ ಮನೆಮಾತಿನ ಮಕ್ಕಳು ಕನ್ನಡವನ್ನೂ ಕಲಿತು ಬೆಳೆಯುವ ನಾಡಿನಲ್ಲಿ ಇದು ಅಚ್ಚರಿಯ ಮಾತೂ ಅಲ್ಲ.

ತಾಯಿಗೆ ಸಲೀಸಲ್ಲದ ಇಂಗ್ಲಿಷಿನಲ್ಲಿ ಮಗುವಿಗೆ ಸಿಗುವುದು ‘ಕಮ್’, ‘ಸಿಟ್’, ‘ಡೋಂಟ್’ ಎಂಬಷ್ಟೇ. ಲಾಲಿ, ಗದರಿಕೆ, ಕತೆ, ಜಗಳ, ಅಜ್ಜಿಯ ಮಾತು ಎಲ್ಲವೂ ಅದರ ಪಾಲಿಗೆ ಮುಚ್ಚಿಹೋಗುತ್ತವೆ. ದೊಡ್ಡವರು ಯಾವ ಭಾಷೆಯಲ್ಲಿ ಧಾರಾಳವಾಗಿ ಮಾತಾಡಬಲ್ಲರೋ ಅದೇ ಮಗುವಿನ ಮೊದಲ ಭಾಷೆಯಾಗಬೇಕು. ಅಲ್ಲಿ ಗಟ್ಟಿಯಾದದ್ದು ಎರಡನೆಯ ಭಾಷೆಗೂ ಆಸರೆಯಾಗುತ್ತದೆ.

ಬಾಯಿಯಲ್ಲದ ದಾರಿಗಳು

ಮಾತು ಬರುವವರೆಗೆ, ಕೆಲವರಿಗೆ ಜೀವನಪೂರ್ತಿ, ಸನ್ನೆ, ಚಿತ್ರಪಟ, ಟ್ಯಾಬ್ಲೆಟ್ ಸಾಧನಗಳು ಬೇಕಾಗುತ್ತವೆ. ಚಿತ್ರದ ಕಾರ್ಡು ಕೊಟ್ಟು ವಸ್ತು ಪಡೆಯುವ ಪೆಕ್ಸ್ ಪದ್ಧತಿಯನ್ನು ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದರು. ಚೆನ್ನೈನಲ್ಲಿ ಅಜಿತ್ ನಾರಾಯಣನ್ ಅವರ ತಂಡ ‘ಆವಾಜ್’ ಸಾಧನವನ್ನು, ಐಐಟಿ ಬಾಂಬೆಯ ತಂಡ ಉಚಿತವಾದ ‘ಜೆಲ್ಲೊ’ ಆ್ಯಪನ್ನು ತಯಾರಿಸಿವೆ. ಚಿತ್ರ ಕೊಟ್ಟರೆ ಮಗು ಮಾತೇ ಕಲಿಯದು ಎಂಬುದು ಬಹುತೇಕ ಎಲ್ಲ ತಂದೆತಾಯಿಯರ ಭಯ. 2006ರಲ್ಲಿ ಮಿಲರ್, ಲೈಟ್ ಮತ್ತು ಶ್ಲೋಸರ್ ಹಳೆಯ ಅಧ್ಯಯನಗಳನ್ನೆಲ್ಲ ಜರಡಿಹಿಡಿದು ಗಟ್ಟಿ ಪುರಾವೆಯಿದ್ದ 27 ಮಂದಿಯ ವಿವರಗಳನ್ನು ನೋಡಿದರು. ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಶೇ. 89 ಮಂದಿಯ ಮಾತು ಹೆಚ್ಚಿತ್ತು.

ಕಿವುಡು ಮಕ್ಕಳ ವಿಷಯದಲ್ಲಿ ಸಂಜ್ಞಾಭಾಷೆಯೋ ಮಾತೋ ಎಂಬ ವಾದ ಶತಮಾನಗಳಷ್ಟು ಹಳೆಯದು. ಸಂಜ್ಞಾಭಾಷೆ ತನ್ನದೇ ವ್ಯಾಕರಣವಿರುವ ಪೂರ್ಣ ಭಾಷೆ. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಭಾರತೀಯ ಸಂಜ್ಞಾಭಾಷೆಯ ನಿಘಂಟನ್ನು 10,000 ಪದಗಳಿಗೆ ಬೆಳೆಸಿದೆ. ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಅಳವಡಿಸಿದ ಮಗುವಿಗೂ ವರ್ಷಗಟ್ಟಲೆ ಕೇಳುವ ತರಬೇತಿ ಬೇಕು. ಶಸ್ತ್ರಚಿಕಿತ್ಸೆ ಮುಗಿದೊಡನೆ ಮಾತು ಬರುತ್ತದೆಂದು ನಂಬಿ ಊರಿಗೆ ಮರಳಿದ ಕುಟುಂಬಗಳ ನಿರಾಸೆ ದೊಡ್ಡದು. ಮಗು ಯಾವುದಾದರೂ ಒಂದು ಭಾಷೆಯಿಲ್ಲದೆ ಮೂರು ನಾಲ್ಕು ವರ್ಷ ಕಳೆಯುವಂತಾಗಬಾರದು.

ಕನ್ನಡದಲ್ಲಿ ಪರೀಕ್ಷೆ, ಕರ್ನಾಟಕದ ಸಂಸ್ಥೆಗಳು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ದೇಶದಲ್ಲಿ ಈ ವಿಷಯದ ಅಧ್ಯಯನ, ಚಿಕಿತ್ಸೆ, ತರಬೇತಿಗಳ ಮುಖ್ಯ ನೆಲೆ ಅದೇ. ಕನ್ನಡ ಉಚ್ಚಾರ ಪರೀಕ್ಷೆ 1972ರಲ್ಲೇ ಸಿದ್ಧವಾಯಿತು. ಪ್ರತಿಭಾ ಕಾರಂತ ಅವರು 1980ರ ದಶಕದಲ್ಲಿ ಕನ್ನಡಕ್ಕೆ ಭಾಷಾ ಪರೀಕ್ಷೆಯೊಂದನ್ನು ರೂಪಿಸಿದರು. ಮುಂದೆ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾಮ್ ಡೀಲ್ ಟ್ರಸ್ಟ್ ಆರು ವರ್ಷದೊಳಗಿನ ಮಕ್ಕಳಿಗೆ ವಾಕ್ ಚಿಕಿತ್ಸೆ, ದೈಹಿಕ ಕೌಶಲ, ವರ್ತನೆ, ಕಲಿಕೆ ಎಲ್ಲವನ್ನೂ ಕೂಡಿಸಿದ ಕಾರ್ಯಕ್ರಮವನ್ನು ಬೆಳೆಸಿತು. ನಿಮ್ಹಾನ್ಸ್, ಬೆಂಗಳೂರಿನ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ, ಮಣಿಪಾಲದ ವಿಭಾಗಗಳಲ್ಲೂ ಸೇವೆಯಿದೆ. ಮೈಸೂರಿನಲ್ಲಿ ಕಿವುಡು ಮಕ್ಕಳ ಪೋಷಕರ ಸಂಘ ನಡೆಸುವ ಶಾಲೆಯಲ್ಲಿ ತಾಯಂದಿರೂ ಮಕ್ಕಳ ಪಕ್ಕದಲ್ಲೇ ಕೂತು ಕಲಿಸುವುದನ್ನು ಕಲಿಯುತ್ತಾರೆ.

ಪರೀಕ್ಷೆ ಮಾಡುವವರಿಗೆ ಕನ್ನಡದ ಒಳನುಡಿಗಳು ಗೊತ್ತಿರಬೇಕು. ಹಳೇ ಮೈಸೂರಿನ ಹಳ್ಳಿಯ ಮಗು ‘ಹಾಲು’ ಎನ್ನದೆ ‘ಆಲು’ ಎಂದರೆ ಅದು ಮನೆಯಲ್ಲಿ ಕೇಳಿದ ಸರಿಯಾದ ಮಾತು. ಹವ್ಯಕ ಮನೆಯ ಮಗು ಅಕ್ಕನ ವಿಷಯದಲ್ಲಿ ‘ಬಂತು’ ಎಂದರೆ ಅದು ಆ ನುಡಿಯ ವ್ಯಾಕರಣ. ಮಹಾಪ್ರಾಣಗಳನ್ನು ದಿನದ ಮಾತಿನಲ್ಲಿ ಹೆಚ್ಚಿನ ಕನ್ನಡಿಗರು ಆಡುವುದೇ ಇಲ್ಲ. ಇವನ್ನೆಲ್ಲ ದೋಷವೆಂದು ಬರೆದುಕೊಂಡರೆ ಆರೋಗ್ಯವಂತ ಮಗುವಿಗೆ ರೋಗದ ಹಣೆಪಟ್ಟಿ ಬೀಳುತ್ತದೆ.

ಸರ್ಕಾರದ ಕಡೆಯಿಂದ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ನಡೆಸುತ್ತವೆ. ಭಾಷಾ ವಿಳಂಬ, ಶ್ರವಣದೋಷ, ಆಟಿಸಂ ಮೂರೂ ಅವುಗಳ ಪಟ್ಟಿಯಲ್ಲಿವೆ. ಪತ್ತೆಯಾದವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಬಡ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟಿಗೆ ಕೇಂದ್ರದ ಅಡಿಪ್ ಯೋಜನೆಯ ನೆರವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವನ್ನೂ ಸೇರಿಸಿದೆ. ಆದರೆ ಅದರ ವ್ಯಾಖ್ಯೆ ಧ್ವನಿಪೆಟ್ಟಿಗೆ ತೆಗೆದುಹಾಕಿದವರು, ಮಿದುಳಿನ ಆಘಾತದಿಂದ ಮಾತು ಕಳೆದುಕೊಂಡವರಂಥ ಶಾಶ್ವತ ಸ್ಥಿತಿಗಳನ್ನೇ ಕಣ್ಣ ಮುಂದಿಟ್ಟುಕೊಂಡಿದೆ. ಬೆಳವಣಿಗೆಯ ಭಾಷಾ ತೊಡಕಿರುವ ಮಗು ಅದರಲ್ಲಿ ಸುಲಭವಾಗಿ ಹೊಂದುವುದಿಲ್ಲ. ಈ ಕೊರತೆ ತುಂಬಬೇಕು.

ಶಾಲೆಯಲ್ಲಿ

ಆಡುಮಾತಿನಲ್ಲಿ ಹಿಂದುಳಿದ ಮಕ್ಕಳಿಗೆ ಓದು–ಬರಹವೂ ಕಷ್ಟವಾಗುವುದು ಸಾಮಾನ್ಯ. ಬೆಂಗಳೂರಿನ ಸೊನಾಲಿ ನಾಗ್ ಅವರು 2007ರಿಂದ ಪ್ರಕಟಿಸಿದ ಅಧ್ಯಯನಗಳು, ಕಾಗುಣಿತ ಮತ್ತು ಒತ್ತಕ್ಷರ ಸೇರಿ ನೂರಾರು ಅಕ್ಷರಗಳಿರುವ ಕನ್ನಡ ಲಿಪಿಯ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷ ಮುಂದುವರಿಯುತ್ತದೆ ಎಂದು ತೋರಿಸಿವೆ. ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಕೂಡಲೇ ಡಿಸ್ಲೆಕ್ಸಿಯಾ (ಓದಿನ ತೊಡಕು) ಎನ್ನುವುದು ಅವಸರವಾದೀತು. ಶಿಕ್ಷಕರು ಒಮ್ಮೆಗೆ ಒಂದೇ ಸೂಚನೆ ಕೊಟ್ಟರೆ, ಹೊಸ ಪದವನ್ನು ವಸ್ತು ತೋರಿಸಿ ಹಲವು ವಾಕ್ಯಗಳಲ್ಲಿ ಬಳಸಿದರೆ, ಉತ್ತರಕ್ಕೆ ಇನ್ನಷ್ಟು ಸಮಯ ಬಿಟ್ಟರೆ ಇಂಥ ಮಕ್ಕಳಿಗೆ ದೊಡ್ಡ ನೆರವು.

ಶಾಲೆಯ ಆಚೆಗೆ ಬೇಕಾದ ಚಿಕಿತ್ಸೆಗೆ ದೂರವೇ ಅಡ್ಡಿ: ತರಬೇತಿ ಪಡೆದ ಚಿಕಿತ್ಸಕರು ಹೆಚ್ಚಾಗಿ ನಗರಗಳಲ್ಲಿದ್ದಾರೆ. ಯಾದಗಿರಿ, ಬೀದರ್ ಕಡೆಯ ಹಳ್ಳಿಯಿಂದ ವಾರವಾರ ಮಗುವನ್ನು ಹೊತ್ತು ಬರುವುದು ಕೂಲಿ ಮಾಡುವ ತಾಯಿಗೆ ಆಗದ ಮಾತು. ಇದಕ್ಕೊಂದು ಉತ್ತರವನ್ನು ನೆರೆಯ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ ಪ್ರಯೋಗ ಕೊಟ್ಟಿದೆ. ಅದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಲ್ಲಿ ತಜ್ಞರಲ್ಲದ ಕಾರ್ಯಕರ್ತರು ಆಟಿಸಂ ಇರುವ ಮಕ್ಕಳ ತಂದೆತಾಯಿಯರ ಮನೆಗೆ ಹೋಗಿ, ಮಗುವಿನೊಂದಿಗೆ ಅವರು ಆಡುವುದನ್ನು ವಿಡಿಯೊ ಮಾಡಿ, ಅದನ್ನೇ ಅವರಿಗೆ ತೋರಿಸುತ್ತಾ ಮಾರ್ಗದರ್ಶನ ಮಾಡಿದರು. ತಂದೆತಾಯಿಯರು ಮಗುವಿನ ಸೂಚನೆಗಳಿಗೆ ಹೆಚ್ಚು ಹೊಂದಿಕೊಂಡು ಪ್ರತಿಕ್ರಿಯಿಸತೊಡಗಿದರು, ಮಕ್ಕಳು ತಾವಾಗಿ ಸಂವಹನ ಆರಂಭಿಸುವುದು ಹೆಚ್ಚಿತು. ಕರ್ನಾಟಕದ ಊರೂರಿನಲ್ಲಿ ಮಕ್ಕಳನ್ನು ಹೆಸರು ಹಿಡಿದು ಬಲ್ಲ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿದ್ದಾರೆ. ಈಗಿರುವ ಹೊರೆಯ ಮೇಲೆ ಮತ್ತೊಂದನ್ನು ಹೇರದೆ, ಸಂಬಳ ಮತ್ತು ತರಬೇತಿ ಕೊಟ್ಟು ಪ್ರತ್ಯೇಕ ಕಾರ್ಯಕರ್ತೆಯರನ್ನು ಅವರೊಂದಿಗೆ ನಿಲ್ಲಿಸಿದರೆ ಇಂಥ ಕೆಲಸ ತಾಲ್ಲೂಕು ಮಟ್ಟದಲ್ಲೇ ನಡೆಯಬಲ್ಲದು.